ಡಯೋಡ್ ಹಾಕದ ಪ್ರಾಜೆಕ್ಟಿಗೆ ಬಹುಮಾನ ಬೇಡ

ಒಂದು ಮಾತನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಉಪಜಿಲ್ಲಾ ಮಟ್ಟದ ವಿಜ್ಞಾನ ಮೇಳಕ್ಕೆ, ವೃತ್ತಿ ಪರಿಚಯ ಮೇಳಕ್ಕೆ ರಿಲೇ ಇರುವ ಪ್ರಾಜೆಕ್ಟ್ ತಂದ ಮಗುವಿನ ಹತ್ತಿರ ತೀರ್ಪುಗಾರರು ಮೊದಲು ಕೇಳಬೇಕಾದದ್ದು ಇಷ್ಟು: "ರಿಲೇಯ ಕಾಯಿಲಿಗೆ ಅಡ್ಡ ಹಾಕಿದ ಡಯೋಡ್ ಎಲ್ಲುಂಟು? ಅದನ್ನು ಯಾಕೆ ಹಾಕಿದ್ದು?" ಈ ಎರಡು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಥರ್ಮಾಕೋಲಿನ ಮನೆ ಎಷ್ಟೇ ಚಂದ ಇರಲಿ, ಬಣ್ಣದ ಬಲ್ಬು ಎಷ್ಟೇ ಉರಿಯಲಿ, ಮೊದಲ ಬಹುಮಾನ ಕೊಡಬಾರದು. ಕಠಿಣ ಅನ್ನಿಸಬಹುದು. ಆದರೆ ಕಾರಣ ಕೇಳಿದ ಮೇಲೆ ನೀವೂ ಒಪ್ಪುತ್ತೀರಿ ಎಂಬ ಧೈರ್ಯ ನನಗುಂಟು.

ಕಾಸರಗೋಡು ಕಡೆಯ ಶಾಲೆಗಳಲ್ಲಿ ಮಕ್ಕಳು ಅತಿ ಹೆಚ್ಚು ಮಾಡುವ ಇಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್ ಯಾವುದು ಅಂತ ಕೇಳಿದರೆ ಕಣ್ಣು ಮುಚ್ಚಿ ಹೇಳಬಹುದು: ಟಾಂಕಿ ತುಂಬಿದರೆ ಪಂಪು ತಾನಾಗಿ ನಿಲ್ಲುವ ಸರ್ಕ್ಯೂಟು. ನಮ್ಮಲ್ಲಿ ಮನೆಗೊಂದು ಬಾವಿ, ತೋಟಕ್ಕೊಂದು ಪಂಪು ಇರುವುದರಿಂದ ಅದು ಸಹಜವೇ. ಒಂದು ಬಿಸಿ 547 ಟ್ರಾನ್ಸಿಸ್ಟರ್, ಒಂದು 12 ವೋಲ್ಟಿನ ರಿಲೇ, ಎರಡು ಮೂರು ರೆಸಿಸ್ಟರ್, ನೀರಿಗೆ ಇಳಿಬಿಡಲು ಎರಡು ತಂತಿ. ಅಷ್ಟೇ. ಯಾವುದೋ ವೀಡಿಯೋ ನೋಡಿ ಮಕ್ಕಳು ಅರ್ಧ ದಿನದಲ್ಲಿ ಮಾಡಿಬಿಡುತ್ತಾರೆ. ರಿಲೇ "ಟಿಕ್" ಅನ್ನುತ್ತದೆ, ಬಲ್ಬು ಉರಿಯುತ್ತದೆ, ಎಲ್ಲರಿಗೂ ಸಂತೋಷ.

ಮೇಳದ ದಿನ ಹತ್ತು ಗಂಟೆಗೆ ಸರಿ ಇರುತ್ತದೆ. ಹನ್ನೊಂದಕ್ಕೂ ಸರಿ. ತೀರ್ಪುಗಾರರು ಬರುವ ಹೊತ್ತಿಗೆ ರಿಲೇ ಒಮ್ಮೆ ಹಿಡಿದದ್ದು ಮತ್ತೆ ಬಿಡುವುದೇ ಇಲ್ಲ! ನೀರಿನಿಂದ ತಂತಿ ತೆಗೆದರೂ ಬಲ್ಬು ಉರಿಯುತ್ತಲೇ ಇರುತ್ತದೆ. ಮಗು ಬೆವರುತ್ತದೆ. ಸುತ್ತ ನಿಂತವರು "ಕನೆಕ್ಷನ್ ಲೂಸ್ ಆಗಿರಬೇಕು", "ಬ್ಯಾಟರಿ ಡೌನ್ ಆಗಿರಬೇಕು", "ಟ್ರಾನ್ಸಿಸ್ಟರ್ ಡೂಪ್ಲಿಕೇಟ್ ಇರಬೇಕು" ಅಂತ ಹೇಳುತ್ತಾರೆ. ಕೊನೆಗೆ ಎಲ್ಲರೂ ಸೇರಿ "ಲಕ್ ಇಲ್ಲ" ಎಂಬ ತೀರ್ಮಾನಕ್ಕೆ ಬರುತ್ತಾರೆ.

ಇದರಲ್ಲಿ ಲಕ್ಕಿನ ವಿಷಯ ಏನೂ ಇಲ್ಲ. ಆ ಟ್ರಾನ್ಸಿಸ್ಟರನ್ನು ಕೊಂದದ್ದು ರಿಲೇಯ ಕಾಯಿಲ್. ಅದರಲ್ಲೂ ಕರೆಂಟು ಹರಿಯುವಾಗ ಅಲ್ಲ, ಕರೆಂಟು ನಿಲ್ಲಿಸುವಾಗ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹತ್ತನೇ ತರಗತಿಯಲ್ಲಿ ನಮ್ಮ ಮಕ್ಕಳು ವಿದ್ಯುತ್ಕಾಂತೀಯ ಪ್ರೇರಣೆ ಓದುತ್ತಾರೆ. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾದರೆ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಮತ್ತು ಅದು ಬದಲಾವಣೆಯನ್ನು ವಿರೋಧಿಸುವ ದಿಕ್ಕಿನಲ್ಲಿರುತ್ತದೆ ಎಂದು ಬಾಯಿಪಾಠ ಹೇಳುತ್ತಾರೆ. ಸುರುಳಿ ತನ್ನದೇ ಕರೆಂಟಿನ ಬದಲಾವಣೆಯಿಂದ ತನ್ನಲ್ಲೇ ವೋಲ್ಟೇಜ್ ಹುಟ್ಟಿಸಿಕೊಂಡರೆ ಅದಕ್ಕೆ ಸ್ವಪ್ರೇರಣೆ ಎಂದು ಹೆಸರು. ಪರೀಕ್ಷೆಗೆ ಬರೆದು ಅಂಕವನ್ನೂ ತೆಗೆಯುತ್ತಾರೆ. ಆದರೆ ಮೇಳಕ್ಕೆ ತಂದ ರಿಲೇಯ ಒಳಗೆ ಇರುವುದು ಅದೇ ಸುರುಳಿ ಎಂದು ಅವರಿಗೆ ಹೇಳಿದವರು ಯಾರು?

ನೀರಿನ ಉದಾಹರಣೆ ಕೊಡುತ್ತೇನೆ. ತೋಟಕ್ಕೆ ಉದ್ದದ ಪೈಪಿನಲ್ಲಿ ನೀರು ರಭಸದಿಂದ ಹರಿಯುತ್ತಿರುವಾಗ ತುದಿಯ ವಾಲ್ವನ್ನು ತಟ್ಟನೆ ಮುಚ್ಚಿ ನೋಡಿ. "ಢಬ್" ಅಂತ ಸದ್ದಾಗಿ ಪೈಪು ಅದುರುತ್ತದೆ. ಜೋಡಣೆ ಬಲ ಇಲ್ಲದಿದ್ದರೆ ಬಿಟ್ಟೇ ಹೋಗುತ್ತದೆ. ಹರಿಯುತ್ತಿರುವ ನೀರಿಗೆ ಒಂದು ವೇಗ ಇತ್ತು, ಅದನ್ನು ನೀವು ಒಂದೇ ಕ್ಷಣದಲ್ಲಿ ನಿಲ್ಲಿಸಲು ಹೋದಿರಿ, ಅದು ಒತ್ತಡವಾಗಿ ತಿರುಗಿ ಬಿತ್ತು. ಕಾಯಿಲಿನಲ್ಲಿ ಹರಿಯುವ ಕರೆಂಟೂ ಹೀಗೆಯೇ. ನಿಲ್ಲಲು ಅದಕ್ಕೆ ಸಮಯ ಬೇಕು. ಸಮಯ ಕೊಡದಿದ್ದರೆ ವೋಲ್ಟೇಜನ್ನು ಏರಿಸುತ್ತಾ ಹೋಗುತ್ತದೆ, ಎಲ್ಲಿಯವರೆಗೆ ಅಂದರೆ ಹರಿಯಲು ಒಂದು ದಾರಿ ಸಿಗುವವರೆಗೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ಸಣ್ಣ ರಿಲೇಯ ಕಾಯಿಲಿಗೆ 400 ಓಮ್ ರೋಧ ಇರುತ್ತದೆ. ಅಂದರೆ ಹರಿಯುವುದು 30 ಮಿಲಿ ಆಂಪಿಯರ್. ಅದರ ಪ್ರೇರಕತ್ವ 0.3 ಹೆನ್ರಿ ಅಂತ ಇಟ್ಟುಕೊಳ್ಳೋಣ. ಪ್ರೇರಕತ್ವವನ್ನು ಕರೆಂಟು ಬದಲಾಗುವ ವೇಗದಿಂದ ಗುಣಿಸಿದರೆ ಹುಟ್ಟುವ ವೋಲ್ಟೇಜ್ ಸಿಗುತ್ತದೆ. ಈ 30 ಮಿಲಿ ಆಂಪಿಯರ್ ಒಂದು ಮಿಲಿಸೆಕೆಂಡಿನಲ್ಲಿ ನಿಂತರೆ ಹುಟ್ಟುವುದು 9 ವೋಲ್ಟ್. ಭಯ ಇಲ್ಲ. ಆದರೆ ಟ್ರಾನ್ಸಿಸ್ಟರ್ ಅಷ್ಟು ನಿಧಾನದ ಪ್ರಾಣಿ ಅಲ್ಲ. ಹತ್ತು ಮೈಕ್ರೋಸೆಕೆಂಡಿನಲ್ಲಿ ನಿಲ್ಲಿಸಿದರೆ 900 ವೋಲ್ಟ್! ವಾಸ್ತವದಲ್ಲಿ ಸುರುಳಿಯ ಸುತ್ತುಗಳ ನಡುವೆಯೇ ಸ್ವಲ್ಪ ಕೆಪಾಸಿಟೆನ್ಸ್ ಇರುವುದರಿಂದ ಲೆಕ್ಕದಷ್ಟೂ ಏರಲಿಕ್ಕಿಲ್ಲ. ಆದರೂ ನೂರಾರು ವೋಲ್ಟಿಗೆ ಏರಲು ತೊಂದರೆ ಏನೂ ಇಲ್ಲ. ಬಿಸಿ 547ರ ಡೇಟಾಶೀಟ್ ತೆಗೆದು ನೋಡಿ: ಕಲೆಕ್ಟರ್ ಮತ್ತು ಎಮಿಟರ್ ನಡುವೆ ತಡೆದುಕೊಳ್ಳುವ ಮಿತಿ 45 ವೋಲ್ಟ್.

ಅಂದರೆ ನಾವು 12 ವೋಲ್ಟಿನ ಬ್ಯಾಟರಿ ಮಾತ್ರ ಇಟ್ಟಿದ್ದೇವೆ, ಇದರಲ್ಲಿ ಏನು ಅಪಾಯ ಅಂದುಕೊಂಡಿರುವ ಸರ್ಕ್ಯೂಟಿನಲ್ಲಿ, ಪ್ರತಿ ಸಲ ರಿಲೇ ಬಿಡುವಾಗಲೂ ಟ್ರಾನ್ಸಿಸ್ಟರಿನ ಮಿತಿ ಮೀರಿದ ಒಂದು ಪೆಟ್ಟು ಬೀಳುತ್ತಿರುತ್ತದೆ. ಮಲ್ಟಿಮೀಟರಿನಲ್ಲಿ ಅದು ಕಾಣುವುದಿಲ್ಲ, ಯಾಕೆಂದರೆ ಮೀಟರ್ ಅಂಕೆ ತೋರಿಸುವ ಮೊದಲೇ ಅದು ಬಂದು ಹೋಗಿರುತ್ತದೆ. ಹತ್ತು ಸಲ ತಡೆದುಕೊಳ್ಳಬಹುದು, ನೂರು ಸಲ ತಡೆದುಕೊಳ್ಳಬಹುದು. ಒಂದು ದಿನ ಒಳಗೆ ಸುಟ್ಟು ಕಲೆಕ್ಟರ್ ಮತ್ತು ಎಮಿಟರ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೀಗೆ ಸತ್ತ ಟ್ರಾನ್ಸಿಸ್ಟರ್ ಹೆಚ್ಚಿನ ಸಲ "ಆಫ್" ಆಗಿ ಸಾಯುವುದಿಲ್ಲ, "ಆನ್" ಆಗಿಯೇ ಸಾಯುತ್ತದೆ.

ಇದೇ ಇಲ್ಲಿನ ಮುಖ್ಯ ವಿಷಯ. ಮೇಳದ ಮೇಜಿನ ಮೇಲೆ ಅದು ಬರೀ ಒಂದು ಬಲ್ಬು. ಆದರೆ ನಮ್ಮ ಮಕ್ಕಳು ಹುಷಾರು, ಪ್ರಾಜೆಕ್ಟ್ ಚೆನ್ನಾಗಿ ಬಂದರೆ ಮನೆಯ ಪಂಪಿಗೇ ಜೋಡಿಸುತ್ತಾರೆ. ಪಕ್ಕದ ಮನೆಯವರು "ನಮಗೂ ಒಂದು ಮಾಡಿಕೊಡು ಮಗಾ" ಅನ್ನುತ್ತಾರೆ. ಅಲ್ಲಿ ಟ್ರಾನ್ಸಿಸ್ಟರ್ "ಆನ್" ಆಗಿ ಸತ್ತರೆ ಪಂಪು ನಿಲ್ಲುವುದಿಲ್ಲ. ಟಾಂಕಿ ತುಂಬಿ ಹರಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಾದರೆ ಬಾವಿಯ ನೀರು ಮುಗಿದು ಪಂಪು ಬರಿದೇ ತಿರುಗಿ ಮೋಟರ್ ಸುಡುತ್ತದೆ. ಒಂದೆರಡು ರೂಪಾಯಿಯ ಸಾಮಾನು ಬಿಟ್ಟದ್ದರಿಂದ ಸಾವಿರಾರು ರೂಪಾಯಿಯ ಪಂಪು ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: "ಶಾಲೆ ಮಕ್ಕಳು ಮಾಡಿದ್ದು ಅಲ್ವಾ, ಅದನ್ನೆಲ್ಲಾ ನಂಬಲಿಕ್ಕಾಗುತ್ತದಾ" ಎಂಬ ಮಾತು ಆ ಮಗುವಿನ ಕಿವಿಗೆ ಬೀಳುತ್ತದೆ. ಆಮೇಲೆ ಆ ಮಗು ಸೋಲ್ಡರಿಂಗ್ ಐರನ್ ಮುಟ್ಟುವುದು ಸಂಶಯ.

ಇನ್ನು ಪರಿಹಾರ. ಒಂದು 1ಎನ್4007 ಡಯೋಡನ್ನು ರಿಲೇಯ ಕಾಯಿಲಿನ ಎರಡು ತುದಿಗೆ ಅಡ್ಡವಾಗಿ ಹಾಕುವುದು. ಡಯೋಡಿನ ಮೇಲೆ ಬೆಳ್ಳಿ ಬಣ್ಣದ ಗೆರೆ ಇರುವ ತುದಿ 12 ವೋಲ್ಟಿನ ಪ್ಲಸ್ ಕಡೆಗೆ, ಇನ್ನೊಂದು ತುದಿ ಟ್ರಾನ್ಸಿಸ್ಟರಿನ ಕಲೆಕ್ಟರ್ ಕಡೆಗೆ. ರಿಲೇ ಹಿಡಿದಿರುವಾಗ ಈ ಡಯೋಡ್ ಉಲ್ಟಾ ದಿಕ್ಕಿನಲ್ಲಿರುವುದರಿಂದ ಏನೂ ಮಾಡದೆ ಸುಮ್ಮನೆ ಕುಳಿತಿರುತ್ತದೆ. ಟ್ರಾನ್ಸಿಸ್ಟರ್ ಆಫ್ ಆದ ಕೂಡಲೇ ಕಾಯಿಲಿನ ಕರೆಂಟಿಗೆ ಈ ಡಯೋಡಿನ ಮೂಲಕ ಸುತ್ತು ಬರಲು ದಾರಿ ಸಿಗುತ್ತದೆ. ಕಾಯಿಲಿನಿಂದ ಡಯೋಡಿಗೆ, ಡಯೋಡಿನಿಂದ ಮತ್ತೆ ಕಾಯಿಲಿಗೆ, ಹೀಗೆ ಸುತ್ತುತ್ತಾ ಕಾಯಿಲಿನ ರೋಧದಲ್ಲೇ ಬಿಸಿಯಾಗಿ ಕರಗಿಹೋಗುತ್ತದೆ. ಕಲೆಕ್ಟರಿನ ವೋಲ್ಟೇಜ್ 12ರ ಮೇಲೆ ಸುಮಾರು 0.7 ಏರಿ ಅಲ್ಲಿಗೇ ನಿಲ್ಲುತ್ತದೆ. ನೂರಾರು ವೋಲ್ಟ್ ಎಲ್ಲಿ, 12.7 ವೋಲ್ಟ್ ಎಲ್ಲಿ!

ಒಂದು ಎಚ್ಚರಿಕೆ: ಗೆರೆಯ ತುದಿಯನ್ನು ತಿರುಗಿಸಿ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದ ಕ್ಷಣವೇ ಬ್ಯಾಟರಿ, ಡಯೋಡ್, ಟ್ರಾನ್ಸಿಸ್ಟರ್ ನೇರ ಶಾರ್ಟ್. ಮೂರರಲ್ಲಿ ಯಾವುದಾದರೊಂದು ಹೊಗೆಯಾಡುವುದು ಖಂಡಿತ. ಆದ್ದರಿಂದ "ಒಂದು ಡಯೋಡ್ ಹಾಕು" ಅಂತ ಹೇಳಿದರೆ ಸಾಲದು, ಯಾಕೆ ಆ ದಿಕ್ಕಿನಲ್ಲಿ ಎಂದು ಮಗುವೇ ಹೇಳುವಂತಾಗಬೇಕು.

ಇಷ್ಟೆಲ್ಲಾ ಓದಿ ಇದು ಇಂಜಿನಿಯರಿಂಗ್ ಕಾಲೇಜಿನ ವಿಷಯ ಅಂದುಕೊಳ್ಳಬೇಡಿ. ನಮ್ಮ ಊರಿನವರಿಗೆ ಇದು ಹೆಸರಿಲ್ಲದೆ ಗೊತ್ತಿರುವ ವಿಷಯವೇ. ಹಳೆಯ ಟ್ಯೂಬ್‌ಲೈಟ್ ನೆನಪಿಸಿಕೊಳ್ಳಿ. ಸ್ಟಾರ್ಟರ್ ಒಮ್ಮೆ ಕರೆಂಟು ಹರಿಸಿ ತಟ್ಟನೆ ಬಿಡುತ್ತದೆ. ಆಗ ಚೋಕಿನಲ್ಲಿ ಹುಟ್ಟುವ ನೂರಾರು ವೋಲ್ಟಿನ ಪೆಟ್ಟೇ ಟ್ಯೂಬನ್ನು ಹೊತ್ತಿಸುವುದು. ಅಲ್ಲಿ ನಮಗೆ ಬೇಕಾದ ಪೆಟ್ಟು ಇಲ್ಲಿ ಬೇಡದ ಪೆಟ್ಟು, ಅಷ್ಟೇ ವ್ಯತ್ಯಾಸ. ಹಳೆಯ ಪೆಟ್ರೋಲ್ ಕಾರು, ಸ್ಕೂಟರ್ ರಿಪೇರಿ ಮಾಡಿದ ಮೆಕ್ಯಾನಿಕ್ಕನ್ನು ಕೇಳಿ. "ಪಾಯಿಂಟ್ ಸುಟ್ಟಿದೆ, ಕಂಡೆನ್ಸರ್ ಹೋಗಿದೆ" ಅಂತ ಅವರು ಹೇಳುತ್ತಿದ್ದರಲ್ಲ, ಅದೇನು? ಪಾಯಿಂಟ್ ತೆರೆದಾಗ ಇಗ್ನಿಷನ್ ಕಾಯಿಲಿನ ಕರೆಂಟು ನಿಂತು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅದೇ ಹೊತ್ತಿಗೆ ಪಾಯಿಂಟಿನ ಬಾಯಿಯಲ್ಲೂ ಕಿಡಿ ಹಾರಿ ಅದು ಸುಡದಂತೆ ಅಡ್ಡ ಹಾಕಿದ್ದೇ ಆ ಕಂಡೆನ್ಸರ್. ಪಾಯಿಂಟಿನ ಜಾಗದಲ್ಲಿ ಟ್ರಾನ್ಸಿಸ್ಟರ್ ಇಟ್ಟರೆ ನಮ್ಮ ಕಥೆಯೇ ಆಯಿತು. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಸ್ನಬ್ಬರ್ ಎಂದು ಹೆಸರು. ನಮ್ಮ ಗ್ಯಾರೇಜಿನವರು ಆ ಹೆಸರು ಕೇಳದೆಯೇ ಅದನ್ನು ಬದಲಿಸುತ್ತಿದ್ದರು.

ಅಂದ ಹಾಗೆ, ಇದನ್ನು ಮೊದಲು ಗಮನಿಸಿ ಬರೆದವರು ಯಾರು ಗೊತ್ತೇ? ಒಬ್ಬ ಶಾಲಾ ಮಾಷ್ಟ್ರು! ಅಮೆರಿಕದ ಆಲ್ಬನಿ ಎಂಬಲ್ಲಿನ ಅಕಾಡೆಮಿಯಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ. ಉದ್ದದ ತಂತಿಯನ್ನು ಸುರುಳಿ ಸುತ್ತಿ ಬ್ಯಾಟರಿಯಿಂದ ಬಿಡಿಸುವಾಗ, ಗಿಡ್ಡ ತಂತಿಗಿಂತ ದೊಡ್ಡ ಕಿಡಿ ಹಾರುತ್ತದೆ ಎಂದು ಅವರು 1832ರಲ್ಲಿ ಪ್ರಕಟಿಸಿದರು. ಪ್ರೇರಕತ್ವದ ಮಾನಕ್ಕೆ ಹೆನ್ರಿ ಎಂದು ಹೆಸರು ಬಂದದ್ದು ಅವರಿಂದಲೇ. ಬ್ಯಾಟರಿಯಿಂದ ಬಿಡಿಸುವಾಗಿನ ಕಿಡಿ ಒಬ್ಬ ಮಾಷ್ಟ್ರ ಕಣ್ಣಿಗೆ ಬಿತ್ತು. ನಮ್ಮ ಕಣ್ಣಿಗೂ ಬೀಳಬೇಕು, ಮಕ್ಕಳ ಕಣ್ಣಿಗೂ ಬೀಳಿಸಬೇಕು.

ಬೀಳಿಸುವುದು ಸುಲಭ. ಟೆಸ್ಟರಿನ ಒಳಗೆ ಇರುವಂಥ ಸಣ್ಣ ನಿಯಾನ್ ಬಲ್ಬು ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. 12 ವೋಲ್ಟಿಗೆ ಅದು ಉರಿಯುವುದೇ ಇಲ್ಲ, ಹೊತ್ತಿಕೊಳ್ಳಲು 60ರಿಂದ 90 ವೋಲ್ಟಾದರೂ ಬೇಕು. ಅದನ್ನು ಒಂದು ರೆಸಿಸ್ಟರಿನ ಜೊತೆಗೆ ರಿಲೇಯ ಕಾಯಿಲಿಗೆ ಅಡ್ಡ ಹಾಕಿ. ಕಾಯಿಲಿಗೆ 12 ವೋಲ್ಟನ್ನು ಒಂದು ಸ್ವಿಚ್ಚಿನ ಮೂಲಕ ಕೊಡಿ. ಕೋಣೆಯನ್ನು ಸ್ವಲ್ಪ ಕತ್ತಲೆ ಮಾಡಿ. ಸ್ವಿಚ್ ಒತ್ತಿದಾಗ ಏನೂ ಇಲ್ಲ. ಬಿಟ್ಟಾಗ ನಿಯಾನ್ ಕಿತ್ತಳೆ ಬಣ್ಣದಲ್ಲಿ ಒಮ್ಮೆ ಮಿನುಗುತ್ತದೆ! ಈಗ ಡಯೋಡ್ ಸೇರಿಸಿ ಮತ್ತೆ ಒತ್ತಿ ಬಿಡಿ. ಮಿನುಗು ಇಲ್ಲ. ಪಾಠ ಮುಗಿಯಿತು. ಮಕ್ಕಳು ಅದನ್ನು ಮರೆಯುವುದಿಲ್ಲ. (ಬರಿ ತುದಿಗಳನ್ನು ಕೈಯಲ್ಲಿ ಹಿಡಿಯಲು ಬಿಡಬೇಡಿ. ರಿಲೇಯ ಬದಲು ಟ್ಯೂಬ್‌ಲೈಟಿನ ಚೋಕನ್ನೋ ಟ್ರಾನ್ಸ್‌ಫಾರ್ಮರನ್ನೋ ಇಟ್ಟು ಈ ಪ್ರಯೋಗ ಮಾಡುವುದು ಬೇಡ, ಹೊಡೆತ ಜೋರಾಗಿರುತ್ತದೆ.)

ಈಗ ಸ್ವಲ್ಪ ಮುಂದಿನ ತರಗತಿಯವರಿಗೆ, ಪಾಲಿಟೆಕ್ನಿಕ್ಕು, ಐಟಿಐಗೆ ಹೋಗುವವರಿಗೆ ನಾಲ್ಕು ಮಾತು.

ಒಂದು, ಡಯೋಡ್ ಹಾಕಿದರೆ ರಿಲೇ ಬಿಡುವುದು ಸ್ವಲ್ಪ ನಿಧಾನವಾಗುತ್ತದೆ. ಕರೆಂಟು ಕರಗಲು ಕೆಲವು ಮಿಲಿಸೆಕೆಂಡ್ ಬೇಕಲ್ಲ. ಟಾಂಕಿಯ ಪಂಪಿಗೆ ಅದರಿಂದ ಏನೂ ಇಲ್ಲ. ಆದರೆ ರಿಲೇ ಬೇಗ ಬಿಡಬೇಕಾದಲ್ಲಿ ಡಯೋಡಿನ ಜೊತೆ ಸರಣಿಯಲ್ಲಿ, ಎದುರುಬದುರಾಗಿ ಒಂದು 24 ವೋಲ್ಟಿನ ಜೀನರ್ ಹಾಕುತ್ತಾರೆ. ಆಗ ಕಲೆಕ್ಟರ್ 12 ಮತ್ತು 24 ಸೇರಿ ಸುಮಾರು 37 ವೋಲ್ಟಿನವರೆಗೆ ಏರುತ್ತದೆ. 45ರ ಒಳಗೇ ಇರುವುದರಿಂದ ಟ್ರಾನ್ಸಿಸ್ಟರಿಗೆ ತೊಂದರೆ ಇಲ್ಲ, ಕರೆಂಟೂ ಬೇಗ ಇಳಿಯುತ್ತದೆ. ಹೆಚ್ಚು ವೋಲ್ಟೇಜ್ ಬಿಟ್ಟಷ್ಟೂ ಬೇಗ, ಕಡಿಮೆ ಬಿಟ್ಟಷ್ಟೂ ನಿಧಾನ. ನಡುವೆ ಎಲ್ಲಿ ನಿಲ್ಲಿಸಬೇಕು ಎಂಬುದು ನಮ್ಮ ಲೆಕ್ಕಾಚಾರ.

ಎರಡು, ಯುಎಲ್ಎನ್ 2003 ಎಂಬ ಐಸಿ ಇದೆ. ಏಳು ರಿಲೇಗಳನ್ನು ಒಟ್ಟಿಗೆ ನಡೆಸಬಹುದು, ಒಳಗೇ ಡಯೋಡುಗಳೂ ಇವೆ. ಆದರೆ ಆ ಡಯೋಡುಗಳೆಲ್ಲ ಬಂದು ಸೇರುವುದು 9ನೇ ಕಾಲಿಗೆ. ಆ ಕಾಲನ್ನು ರಿಲೇಯ ಪ್ಲಸ್ಸಿಗೆ ಜೋಡಿಸದಿದ್ದರೆ ಒಳಗೆ ಡಯೋಡ್ ಇದ್ದೂ ಇಲ್ಲದಂತೆ. ಮೋಟರ್ ತಿರುಗಿಸುವ ಐಸಿಗಳಲ್ಲೂ ಹೀಗೆಯೇ. ಎಲ್ 293ಡಿಯಲ್ಲಿ ಡಯೋಡ್ ಒಳಗೇ ಉಂಟು, ಎಲ್ 298ರಲ್ಲಿ ಇಲ್ಲ, ಹೊರಗೆ ಹಾಕಬೇಕು. ಹೆಸರು ಹತ್ತಿರ ಇದೆ ಅಂತ ಒಂದರ ಸರ್ಕ್ಯೂಟಿನಲ್ಲಿ ಇನ್ನೊಂದನ್ನು ಇಟ್ಟರೆ ಆಗುವುದಿಲ್ಲ.

ಮೂರು, ಮೋಟರಿನ ವೇಗವನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ನಿಯಂತ್ರಿಸುವಾಗ 1ಎನ್4007 ಸರಿಯಾಗುವುದಿಲ್ಲ. ಅದು ದಾರಿ ತೆರೆಯುವುದು ಬೇಗ, ಮುಚ್ಚುವುದು ನಿಧಾನ. ಅದು ಮುಚ್ಚುವ ಮೊದಲೇ ಟ್ರಾನ್ಸಿಸ್ಟರ್ ಮತ್ತೆ ಆನ್ ಆದರೆ ಪ್ರತಿ ಸಲವೂ ಒಂದು ಸಣ್ಣ ಶಾರ್ಟ್ ಆದಂತೆ. ಎರಡೂ ಬಿಸಿಯಾಗುತ್ತವೆ. ಅಂಥಲ್ಲಿ ಯುಎಫ್ 4007ನಂಥ ವೇಗದ ಡಯೋಡ್, ವೋಲ್ಟೇಜ್ ಕಡಿಮೆ ಇದ್ದರೆ 1ಎನ್5819ನಂಥ ಶಾಟ್ಕಿ ಡಯೋಡ್ ಬೇಕು.

ನಾಲ್ಕು, ಇನ್ವರ್ಟರ್. ಮಳೆಗಾಲದಲ್ಲಿ ಕರೆಂಟಿನ ಅವಸ್ಥೆ ಗೊತ್ತೇ ಇರುವುದರಿಂದ ದೊಡ್ಡ ಮಕ್ಕಳಿಗೆ ಇನ್ವರ್ಟರ್ ಮಾಡುವ ಆಸೆ ಹುಟ್ಟುತ್ತದೆ. ನಡುವೆ ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರಿನ ಎರಡು ಕಡೆಗೆ ಎರಡು ಮಾಸ್‌ಫೆಟ್. ಒಂದು ಆನ್ ಇದ್ದಾಗ ಆಫ್ ಇರುವ ಇನ್ನೊಂದರ ಮೇಲೆ ಬೀಳುವುದು 12 ಅಲ್ಲ, 24 ವೋಲ್ಟ್. ಬ್ಯಾಟರಿ ಚೆನ್ನಾಗಿ ಚಾರ್ಜ್ ಆಗಿ 14 ಇದ್ದರೆ 28. ಅದರ ಮೇಲೆ, ಎರಡು ಸುರುಳಿಗಳ ನಡುವೆ ಪೂರ್ತಿ ಸೇರದೆ ಸೋರಿ ಉಳಿದ ಕಾಂತಕ್ಷೇತ್ರದ ಪೆಟ್ಟು ಬೇರೆ. 12 ವೋಲ್ಟಿನ ಬ್ಯಾಟರಿ ತಾನೇ ಎಂದು 30 ವೋಲ್ಟಿನ ಮಾಸ್‌ಫೆಟ್ ತಂದರೆ ಅದು ಉಳಿಯುವುದಿಲ್ಲ. 55 ವೋಲ್ಟಿನ ಐಆರ್‌ಎಫ್‌ಝೆಡ್ 44ಎನ್ ಆದರೆ ಸ್ವಲ್ಪ ಉಸಿರಾಡಬಹುದು. ಪೆಟ್ಟನ್ನು ತಗ್ಗಿಸಲು ಮಾಸ್‌ಫೆಟ್ಟಿಗೆ ಅಡ್ಡವಾಗಿ, ಸರಣಿಯಲ್ಲಿರುವ ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಹಾಕುತ್ತಾರೆ. ಸ್ಕೂಟರಿನ ಕಂಡೆನ್ಸರಿನ ತಮ್ಮ ಅಂತ ತಿಳಿದುಕೊಳ್ಳಿ. ಮಾಸ್‌ಫೆಟ್ಟಿನ ಗೇಟಿಗೂ ಒಂದು ಮಿತಿ ಉಂಟು, ಐಆರ್‌ಎಫ್‌ಝೆಡ್ 44ಎನ್‌ಗೆ 20 ವೋಲ್ಟ್. ಅದು ಮೀರಿದರೆ ಒಳಗಿನ ತೆಳುವಾದ ಪದರ ತೂತಾಗಿ ಮತ್ತೆ ಸರಿಯಾಗುವುದೇ ಇಲ್ಲ. ಗೇಟಿಗೆ ಅಡ್ಡವಾಗಿ ಒಂದು 15 ವೋಲ್ಟಿನ ಜೀನರ್ ಇದ್ದರೆ ಕ್ಷೇಮ.

ಇದೆಲ್ಲ ಒಂದೇ ಸೂತ್ರದ ಬೇರೆ ಬೇರೆ ರೂಪ: ನಿಲ್ಲಿಸುವ ಮೊದಲು, ನಿಂತದ್ದು ಎಲ್ಲಿಗೆ ಹೋಗಬೇಕು ಎಂದು ದಾರಿ ಮಾಡಿಡಿ.

ಇನ್ನು ನನ್ನ ಅಭಿಪ್ರಾಯಕ್ಕೆ ಬರಬಹುದಾದ ಆಕ್ಷೇಪಗಳು. "ಡಯೋಡ್ ಇಲ್ಲದೆಯೂ ಕೆಲಸ ಮಾಡುತ್ತದಲ್ಲ ಮಾಷ್ಟ್ರೇ?" ಮಾಡುತ್ತದೆ. ಹೆಲ್ಮೆಟ್ ಇಲ್ಲದೆಯೂ ಬೈಕ್ ಓಡುತ್ತದೆ. ಒಮ್ಮೆ ಕೆಲಸ ಮಾಡಿದ್ದನ್ನು ಮಾತ್ರ ನೋಡಿ ಅಂಕ ಕೊಡುವ ಅಭ್ಯಾಸ ನಮ್ಮ ಮೇಳಗಳಿಗೆ ಇದೆ. ಆ ಕ್ಷಣಕ್ಕೆ ಬಲ್ಬು ಉರಿದರೆ ಎ ಗ್ರೇಡ್. ನಾಳೆಯೂ, ಮುಂದಿನ ವರ್ಷವೂ ಉರಿಯುವಂತೆ ಮಾಡುವವರು ತಾನೇ ನಿಜವಾದ ಕೆಲಸಗಾರರು?

"ಈಗ ರಿಲೇ ಮಾಡ್ಯೂಲ್ ಸಿಗುತ್ತದೆ, ಅದರಲ್ಲಿ ಟ್ರಾನ್ಸಿಸ್ಟರೂ ಡಯೋಡೂ ಮೊದಲೇ ಉಂಟು, ಮತ್ತೆ ಯಾಕೆ ಕಲಿಸುವುದು?" ಈ ಪ್ರಶ್ನೆಯಲ್ಲಿ ಸತ್ಯ ಇದೆ. ಮಾಡ್ಯೂಲ್ ಬಳಸುವುದು ತಪ್ಪಲ್ಲ, ಪಂಪಿಗೆ ಜೋಡಿಸುವುದಾದರೆ ಅದೇ ಒಳ್ಳೆಯದು. ಆದರೆ ಅದರ ಮೇಲೆ ಆ ಸಣ್ಣ ಕಪ್ಪು ಡಯೋಡ್ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಮಗುವಿಗೆ ತಿಳಿದಿರಬೇಕು. ಕೇರಳದಲ್ಲಿ 2018ರಿಂದ ಲಿಟಲ್ ಕೈಟ್ಸ್ ಕ್ಲಬ್ಬುಗಳು ನಡೆಯುತ್ತಿವೆ. 2022ರ ಕೊನೆಯಿಂದ ಹೈಸ್ಕೂಲುಗಳಿಗೆ ರೋಬೋಟಿಕ್ ಕಿಟ್ಟುಗಳು ಬರತೊಡಗಿದವು. 2025ರಿಂದ ಹತ್ತನೇ ತರಗತಿಯ ಐಸಿಟಿಯಲ್ಲಿ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಇದೆ, ಕನ್ನಡ ಮಾಧ್ಯಮದ ಮಕ್ಕಳಿಗೂ. ಇದು ನಿಜಕ್ಕೂ ಒಳ್ಳೆಯ ಕೆಲಸ. ಆ ಕಿಟ್ಟಿನಲ್ಲಿರುವ ಆರ್ಡುಯಿನೋ, ಎಲ್‌ಇಡಿ, ಸೆನ್ಸರ್, ಸಣ್ಣ ಸರ್ವೋ ಮೋಟರ್ ಇವುಗಳಿಗೆ ಡಯೋಡಿನ ಚಿಂತೆ ಬೇಡ. ಸಮಸ್ಯೆ ಶುರುವಾಗುವುದು ಉತ್ಸಾಹಿ ಮಗು ಕಿಟ್ಟಿನಿಂದ ಹೊರಗೆ ಕಾಲಿಟ್ಟು ಕಾಸರಗೋಡಿನಿಂದಲೋ ಮಂಗಳೂರಿನಿಂದಲೋ ಬಿಡಿ ರಿಲೇ, ಬಿಡಿ ಮೋಟರ್ ತಂದಾಗ. 5 ವೋಲ್ಟಿನ ರಿಲೇಗೆ ಬೇಕಾದದ್ದು 70 ಮಿಲಿ ಆಂಪಿಯರ್, ಆರ್ಡುಯಿನೋ ಊನೋದ ಒಂದು ಪಿನ್ನಿನ ಗರಿಷ್ಠ ಮಿತಿಯೇ 40. ಪಿನ್ನಿಗೆ ನೇರ ಜೋಡಿಸಿದರೆ ಭಾರವೂ ಅದರ ಮೇಲೆ, ಪೆಟ್ಟೂ ಅದರ ಮೇಲೆ. ಆಗ ಹೋಗುವುದು ಬಿಡಿ ಟ್ರಾನ್ಸಿಸ್ಟರ್ ಅಲ್ಲ, ಶಾಲೆಯ ಬೋರ್ಡೇ ಹೋಗಬಹುದು. ಒಂದು ಬೋರ್ಡು ಹೋದ ಮೇಲೆ ಕಿಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ನಷ್ಟ ಯಾರಿಗೆ?

"ಇದೆಲ್ಲಾ ಇಂಗ್ಲಿಷಿನಲ್ಲಿ ಕಲಿತರೇ ಸರಿ, ಕನ್ನಡದಲ್ಲಿ ಎಂತ ಇಲೆಕ್ಟ್ರಾನಿಕ್ಸ್?" ಈ ಮಾತು ನಮ್ಮ ಕನ್ನಡದ ಮನೆಗಳಲ್ಲೇ ಕೇಳಿ ಬರುವುದು ಬೇಸರದ ವಿಷಯ. ಟ್ರಾನ್ಸಿಸ್ಟರಿಗೆ, ರಿಲೇಗೆ, ಡಯೋಡಿಗೆ ಕಷ್ಟಪಟ್ಟು ಸಂಸ್ಕೃತದಲ್ಲಿ ಹೆಸರು ಹುಡುಕುವುದು ಬೇಡ. ಅಂಗಡಿಯಲ್ಲಿ ಕೇಳುವ ಹೆಸರೇ ಇರಲಿ. ಆದರೆ "ಯಾಕೆ" ಎಂಬ ಪ್ರಶ್ನೆಯ ಉತ್ತರ ಮಗು ಯೋಚನೆ ಮಾಡುವ ಭಾಷೆಯಲ್ಲೇ ಇರಬೇಕು. ನಮ್ಮ ಮಕ್ಕಳು ನೋಡುವ ವೀಡಿಯೋಗಳು ಮಲಯಾಳದಲ್ಲೋ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ತಂತಿ ಎಲ್ಲಿಂದ ಎಲ್ಲಿಗೆ ಎಂದು ಚಿತ್ರ ನೋಡಿ ನಕಲು ಮಾಡಲು ಭಾಷೆ ಬೇಡ. ಹೇಳಿದವರ ವಿವರಣೆ ಮಾತ್ರ ಅರ್ಧ ಕಿವಿಗೆ ಬಿದ್ದು ಅರ್ಧ ಹೊರಗೆ ಹೋಗುತ್ತದೆ. ಡಯೋಡ್ ಬಿಟ್ಟುಹೋಗುವುದು ಆ ಅರ್ಧದಲ್ಲೇ. ಇತ್ತ ಸ್ವಪ್ರೇರಣೆಯ ಪಾಠವನ್ನು ಕನ್ನಡದಲ್ಲೇ ಓದಿದ ಮಗು, ಅತ್ತ ರಿಲೇಯನ್ನು ಬೇರೆ ಭಾಷೆಯಲ್ಲಿ ನೋಡಿ ಕಲಿತರೆ, ಎರಡೂ ಒಂದೇ ಎಂದು ಜೋಡಿಸಿಕೊಡುವವರು ನಾವಲ್ಲದೆ ಇನ್ನು ಯಾರು? ಅದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಸರ್ಕಾರದ ಆದೇಶ ಬೇಡ. ಒಂದು ಪೀರಿಯಡ್ ಸಾಕು.

ಆದ್ದರಿಂದ ಶಾಲೆಗಳಿಗೆ ನನ್ನ ಸಲಹೆ ಮೂರೇ ಮೂರು. ಪ್ರಯೋಗಾಲಯದಲ್ಲಿ ಒಂದು ಡಬ್ಬಿ ತುಂಬ 1ಎನ್4007 ಇರಲಿ, ಮಕ್ಕಳಿಗೆ ಅದನ್ನು ತೆಗೆದುಕೊಳ್ಳಲು ಅನುಮತಿ ಕೇಳುವ ಅಗತ್ಯ ಇಲ್ಲದಿರಲಿ. ಸ್ವಪ್ರೇರಣೆಯ ಪಾಠ ಮಾಡುವ ದಿನ ನಿಯಾನ್ ಪ್ರಯೋಗ ತೋರಿಸಿ. ಮೇಳಕ್ಕೆ ಹೋಗುವ ಮೊದಲು ಶಾಲೆಯಲ್ಲೇ ಒಂದು ಪರೀಕ್ಷೆ ನಡೆಯಲಿ: ರಿಲೇಯನ್ನು ಐನೂರು ಸಲ ಆನ್ ಆಫ್ ಮಾಡಿ, ಆಮೇಲೂ ಬಿಡುತ್ತದೆಯೇ ನೋಡಿ. ಮಕ್ಕಳೇ ಸರದಿಯಲ್ಲಿ ಕುಳಿತು ಮಾಡಲಿ, ಲೆಕ್ಕ ಬರೆದಿಡಲಿ. ಡಯೋಡ್ ಇದ್ದದ್ದು, ಇಲ್ಲದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಮಾಡಿದರಂತೂ ಅದೇ ಒಂದು ಪ್ರಾಜೆಕ್ಟ್ ಆಯಿತು!

ಪಾಲಕರಿಗೂ ಒಂದು ಮಾತು. ಮಗು ಮಾಡಿದ ಸರ್ಕ್ಯೂಟು ಸುಟ್ಟುಹೋದರೆ "ನಿನಗೆ ಇದೆಲ್ಲಾ ಆಗುವುದಲ್ಲ" ಅನ್ನಬೇಡಿ. ಸುಟ್ಟ ಟ್ರಾನ್ಸಿಸ್ಟರಿಗೆ ಯಾವಾಗಲೂ ಒಂದು ಕಾರಣ ಇರುತ್ತದೆ. ಅದನ್ನು ಹುಡುಕಲು ಮಗುವಿಗೆ ಒಂದು ವಾರ ಸಮಯ ಕೊಡಿ, ಎರಡು ಹೊಸ ಟ್ರಾನ್ಸಿಸ್ಟರಿನ ಹಣ ಕೊಡಿ. ಕನ್ನಡ ಮಾಧ್ಯಮದಲ್ಲಿ ಕಲಿತದ್ದರಿಂದ ಹೀಗಾಯಿತು ಎಂಬ ಸಂಶಯ ಅದರ ತಲೆಗೆ ಹೋಗದಂತೆ ನೋಡಿಕೊಳ್ಳಿ. ಕಾಯಿಲಿಗೆ ಯಾವ ಮಾಧ್ಯಮವೂ ಇಲ್ಲ.

ಈ ವರ್ಷದ ಮೇಳದಲ್ಲಿ ತೀರ್ಪುಗಾರರಾಗಿ ಹೋಗುವ ಮಿತ್ರರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಆ ಎರಡು ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಅಂಕ ಕಳೆದು ಹಾಗೇ ಮುಂದಿನ ಮೇಜಿಗೆ ಹೋಗಬೇಡಿ. ಜೇಬಿನಿಂದ ಒಂದು ಡಯೋಡ್ ತೆಗೆದು, ಗೆರೆ ಯಾವ ಕಡೆ ಎಂದು ತೋರಿಸಿ, ಕೈಗೆ ಕೊಟ್ಟು ಬನ್ನಿ. ನೀವೇನಂತೀರಿ?